ಮುಖ ತೋರಿಸ್ರಿ, ಕಾಲಲ್ಲ

10 ನವೆಂಬರ್ 2025, ಸೋಮವಾರ

ಬೆಳಿಗ್ಗೆ 5.10 — ಎಡ, ಎಂಟು ನಿಮಿಷ.
6.45 — ಬಲ, ನಾಲ್ಕೇ ನಿಮಿಷ. ನಿದ್ದೆ ಹೋದಳು.
8.20 — ರಾಗಿ ಸರಿ, ಮೂರು ಚಮಚ. ಅದರಲ್ಲಿ ಎರಡು ನನ್ನ ಹೆಗಲ ಮೇಲೆ.

ಹೆರಿಗೆಯಾದಾಗ ನರ್ಸ್ "ಕುಡಿದ ಹೊತ್ತು ಬರೆದಿಡಿ" ಅಂದಿದ್ದು ಒಂದು ವಾರದ ಮಟ್ಟಿಗೆ. ಏಳು ತಿಂಗಳಾಯಿತು, ಬರೆಯುತ್ತಲೇ ಇದ್ದೇನೆ. ಬಿ.ಎಸ್ಸಿ.ಯ ಒಂದು ರೆಕಾರ್ಡ್ ಬುಕ್ ಪೂರ್ತಿ ಖಾಲಿ ಉಳಿದಿತ್ತು. ಬಲಗಡೆಯ ಗೆರೆ ಹಾಳೆಯಲ್ಲಿ ಅವಳ ಹಾಲು. ಎಡಗಡೆ, ಚಿತ್ರ ಬರೆಯುವ ಬಿಳಿ ಹಾಳೆಯಲ್ಲಿ ನಾನು.

ಮಲಗಿದಾಗ ಹೊಟ್ಟೆ ಏಳುತ್ತಾ ಇಳಿಯುತ್ತಾ ಇದೆಯಾ ನೋಡುತ್ತೇನೆ. ಕಾಣದಿದ್ದರೆ ಮೂಗಿನ ಕೆಳಗೆ ಬೆರಳು. ಬೆರಳು ತಣ್ಣಗಿದ್ದರೆ ಅವಳಿಗೆ ಎಚ್ಚರ. ಆಮೇಲೆ ಇಬ್ಬರಿಗೂ ನಿದ್ದೆ ಇಲ್ಲ.

ಅತ್ತೆ ಇವತ್ತು ನೋಡಿಬಿಟ್ಟರು. "ಉಸಿರಾಡೋದನ್ನ ಆಕಿಗೆ ನೀನೇನು ಕಲಿಸಿಲ್ಲ. ನೀ ಕಣ್ಣು ಮುಚ್ಚಿದ್ರ ಮರ್ತು ಬಿಡಂಗಿಲ್ಲ. ಮಕ್ಕೋ ಹೋಗು."

ಮಲಗಲು ಹೋದೆ. ಮಲಗಲಿಲ್ಲ.


12 ನವೆಂಬರ್, ಮಧ್ಯಾಹ್ನ 2

ಇನಾಯತ್ ವಿಡಿಯೋ ಕಾಲ್ ಮಾಡಿದ್ದರು. ಬಳ್ಳಾರಿಯ ಪಾರ್ವತಿನಗರದ ಗಾದಿ ಅಂಗಡಿಯಲ್ಲಿ ಮದುವೆ ಸೀಸನ್ ಶುರುವಾಗಿದೆ, ದಿನಕ್ಕೆ ಆರು ಗಾದಿ ತುಂಬಿ ಹೊಲಿಯಬೇಕಂತೆ. ಹದಿನೈದು ದಿನಕ್ಕೊಮ್ಮೆ ಹಚ್ಚೊಳ್ಳಿಗೆ ಬರುತ್ತಾರೆ. ಉಳಿದ ದಿನ ಈ ಫೋನು. ಮೀಸೆ, ಹುಬ್ಬು, ಕಿವಿಯೊಳಗೆಲ್ಲ ಹತ್ತಿ. ಒಂದೇ ದಿನಕ್ಕೆ ಮುದುಕರಾದಂತೆ ಕಾಣುತ್ತಿದ್ದರು.

ಮನೆಯಲ್ಲೊಂದು ಕಾನೂನಿದೆ. ವರ್ಷ ತುಂಬುವ ತನಕ ಮಗುವಿನ ಮುಖ ಫೋನಿಗೆ ತೋರಿಸುವಂತಿಲ್ಲ. ಫೋಟೋ ಇಲ್ಲ, ವಿಡಿಯೋ ಇಲ್ಲ. ನದರು, ಅಂದರೆ ಕೆಟ್ಟ ಕಣ್ಣು, ತಾಕುತ್ತದೆ. ಕೈಕಾಲು ಪರವಾಗಿಲ್ಲ. ಕಾನೂನು ಮಾಡಿದವರು ಅತ್ತೆ. ಮೇಲೆ ಅಪೀಲಿಲ್ಲ.

ಹಾಗಾಗಿ ಕಾಲು ತೋರಿಸಿದೆ.

"ಎಡಗಾಲು ಕಿರುಬಳ್ಳು ಸ್ವಲ್ಪ ದಪ್ಪ ಆಗೈತಲ್ಲಾ?" ಅಂದರು ಇನಾಯತ್.

"ಹೂಂ, ಸರಿ ತಿನ್ನಾಕತ್ಯಾಳ."

"ನೂರು ಕೂಸು ಸಾಲಾಗಿ ಮಲಗಿಸ್ರಿ. ಬರೇ ಅಂಗಾಲು ನೋಡಿ ನನ್ನ ಮಗಳನ್ನ ಎತ್ತಿಕೊಂಡು ಬರ್ತೀನಿ. ಬಾಯಿಪಾಠ ಆಗೈತಿ ನನಗ."

ಅಡುಗೆಮನೆಯಿಂದ ಅತ್ತೆ— "ಲೇ ಇನಾಯತ್, ಅಷ್ಟು ಮುಖ ನೋಡಬೇಕಂದ್ರ ಬಸ್ ಹತ್ತು. ಫೋನ್ಯಾಗಿಂದ ಇಣುಕಬ್ಯಾಡ."

ಮಗಳ ಹೆಸರು ಆಯೇಶಾ. ಅತ್ತೆ ಕರೆಯುವುದು ಕರ್ರವ್ವ. ಮಗು ಮೊಸರಿನ ಬಣ್ಣ. ಹಾಗಂತ ಬಾಯಿಬಿಟ್ಟು ಹೇಳುವಂತಿಲ್ಲ! ಹಣೆಗೊಂದು, ಗಲ್ಲಕ್ಕೊಂದು, ಬಲ ಅಂಗಾಲಿಗೊಂದು ಕಾಡಿಗೆ ಬೊಟ್ಟು. ಸಂಜೆಯಷ್ಟರಲ್ಲಿ ಮೂರೂ ನನ್ನ ಕುಪ್ಪಸದ ಮೇಲಿರುತ್ತವೆ.


15 ನವೆಂಬರ್, ಬೆಳಿಗ್ಗೆ 11.30

10.50 — ಬಲ, ಹದಿನೈದು ನಿಮಿಷ. ಈಗ ಮಲಗಿದ್ದಾಳೆ. ಹೊಟ್ಟೆ ಏಳುತ್ತಿದೆ. ಇಳಿಯುತ್ತಿದೆ.

ಅತ್ತೆ ನೀರೆರೆಯುವುದನ್ನು ನೋಡುವುದೇ ಒಂದು ಸುಖ. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂರುತ್ತಾರೆ. ಮೊಣಕಾಲ ಮೇಲೆ ಮಗುವನ್ನು ಬೋರಲು ಹಾಕಿ ಬೆನ್ನು ತಿಕ್ಕಿ, ಆ ಕಾಲು ಈ ಕೈಗೆ, ಈ ಕಾಲು ಆ ಕೈಗೆ ಮುಟ್ಟಿಸಿ, ಮೂಗು ನೀವಿ... ನಾನು ಮುಟ್ಟಿದರೆ ಚೀರುವ ಹುಡುಗಿ ಅಲ್ಲಿ ಗಪ್ಪಾಗಿ ಒಪ್ಪಿಸಿಕೊಂಡಿರುತ್ತಾಳೆ. ಎಷ್ಟೋ ವರ್ಷ ಹತ್ತಿ ಎಳೆದು ಗಾದಿ ತುಂಬಿದ ಕೈ. ಯಾವುದನ್ನು ಎಷ್ಟು ಒತ್ತಬೇಕು ಅದಕ್ಕೆ ಗೊತ್ತು.

ಆಮೇಲೆ ಹೊಗೆ. ಹಿಂದಿನ ಕೋಣೆಯ ಬಾಗಿಲು ಹಾಕಿ, ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಮೇಲೆ ಬೋರಲು ಬುಟ್ಟಿ. ಬುಟ್ಟಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮಗು. ಕೂದಲು ಒಣಗಲಿ, ಶೀತ ಹೋಗಲಿ ಅಂತ. ನನಗೂ ನನ್ನ ಅಮ್ಮಿ ಹೀಗೇ ಹಾಕಿದ್ದಳು, ಕುರುಗೋಡಿನ ಮನೆಯಲ್ಲಿ. ಆ ವಾಸನೆ ಬಂದರೆ ನನಗೇ ಕಣ್ಣೆಳೆಯುತ್ತದೆ.

ಆದರೆ ಫೋನಿನಲ್ಲಿ ಓದಿದ್ದೇನೆ, ಎಳೆಮಕ್ಕಳ ಎದೆಗೆ ಹೊಗೆ ಒಳ್ಳೆಯದಲ್ಲ ಅಂತ. ಮೂರು ಸಲ ಓದಿದ್ದೇನೆ. ಅತ್ತೆಗೆ ಹೇಗೆ ಹೇಳುವುದು? ಅವರಿಗೆ ಉಳಿದಿರುವುದೇ ಆ ಅರ್ಧ ಗಂಟೆ. ಹೊಗೆಯೊಳಗೆ ಅಜ್ಜಿ ಮೊಮ್ಮಗಳು ಇಬ್ಬರೇ, ಏನೇನೋ ಮಾತು.

ನಾಳೆ ಹೇಳುತ್ತೇನೆ.


16 ನವೆಂಬರ್

ಹೇಳಲಿಲ್ಲ.


19 ನವೆಂಬರ್, ಸಂಜೆ 4

ನೆಗಡಿ. ಮೂಗು ಕಟ್ಟಿ ಸರಿಯಾಗಿ ಕುಡಿಯುತ್ತಿಲ್ಲ. 1.15 — ಎಡ, ಬಿಟ್ಟು ಬಿಟ್ಟು ಆರು ನಿಮಿಷ. 3.30 — ಐದು.

ಆಶಾ ಕಾರ್ಯಕರ್ತೆ ಊರಮ್ಮ ಬಂದಿದ್ದಳು. ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಕೊಟ್ಟಳು. ಉಸಿರು ಜೋರಾದರೆ, ಹಾಲು ಬಿಟ್ಟರೆ ಕಾಯಬೇಡಿ, ತುರ್ತು ಕರೆ ಮಾಡಿ ಅಂದಳು. ನಮ್ಮ ಕಡೆ ಹೊಸದಾಗಿ ಒಂದು ಪ್ರಯೋಗ ನಡೆಸುತ್ತಿದ್ದಾರಂತೆ. "ಕರೆ ಮಾಡಿದ್ರ ಮೆಸೇಜಿನ್ಯಾಗ ಒಂದು ಲಿಂಕ್ ಬರತೈತಿ. ಅದನ್ನ ಒತ್ತಿದ್ರ ನಿಮ್ಮ ಫೋನ್ ಕ್ಯಾಮೆರಾ ಅಲ್ಲಿ ಕುಂತ ನರ್ಸಿಗೆ ಕಾಣತೈತಿ. ಆಂಬುಲೆನ್ಸ್ ಬರೋತನ ಆಕಿ ನೋಡಿಕೋತ ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂತ ಹೇಳತಾಳ."

ಅತ್ತೆ ಎಲೆ ಮಡಿಚುತ್ತ— "ನೋಡಿದ್ರ ನೆಗಡಿ ಇಳೀತೈತೇನು?"

"ಅದಲ್ಲ ಕುಲ್ಸುಂಬಮ್ಮ..."

"ನೋಡಬೇಕಂದ್ರ ಬಂದು ನೋಡಲಿ. ಬಾಗಿಲ ತೆಗದೈತಿ."

ಊರಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿ ಹೋದಳು.


21 ನವೆಂಬರ್, ಶುಕ್ರವಾರ

ಬೆಳಿಗ್ಗೆ 6 — ಬಲ, ಮೂರು ನಿಮಿಷ.
9.30 — ಎಡ, ಎರಡು.
10.15 — ಬೇಡ ಅಂದಳು. ಮುಖ ತಿರುಗಿಸಿದಳು.

ಅತ್ತೆ ಬಚ್ಚಲೊಲೆಗೆ ಕಟ್ಟಿಗೆ ಹಾಕುತ್ತಿದ್ದಾರೆ. "ನೆಗಡಿಗೆ ಇವತ್ತು ಡಬಲ್ ಹೊಗಿ" ಎಂದು ಮಗುವಿಗೇ ಹೇಳುತ್ತಿದ್ದಾರೆ. ಇವತ್ತು ಬೇಡ ಅನ್ನಬೇಕು. ಈ ಸಾಲು ಬರೆದು ಎದ್ದು ಹೋಗಿ ಹೇಳುತ್ತೇನೆ.


25 ನವೆಂಬರ್, ಮಂಗಳವಾರ. ಬಳ್ಳಾರಿ, ಆಸ್ಪತ್ರೆ. ಬೆಳಿಗ್ಗೆ 11

ಇನಾಯತ್ ಊರಿಗೆ ಹೋಗಿ ಬಟ್ಟೆಯ ಜೊತೆ ಈ ಪುಸ್ತಕವನ್ನೂ ತಂದಿದ್ದಾರೆ. ನಾನು ಕೇಳಿರಲಿಲ್ಲ.

ಆಯೇಶಾ ಪಕ್ಕದಲ್ಲಿದ್ದಾಳೆ. ಮೂಗಿನ ಆಮ್ಲಜನಕದ ನಳಿಗೆ ಬೆಳಿಗ್ಗೆ ತೆಗೆದರು. 10.20 — ಬಲ, ಏಳು ನಿಮಿಷ. ಏಳು!

ಎದ್ದು ಹೋಗಿ ಹೇಳಲಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ. ಎದ್ದೆ, ಬಚ್ಚಲ ತನಕ ಹೋದೆ. ಅತ್ತೆ "ಟವೆಲ್ ತಾ" ಅಂದರು. ಟವೆಲ್ ತಂದೆ. ಅಷ್ಟೆ.

ಹೊಗೆ ಹಾಕಿ ಐದು ನಿಮಿಷ ಆಗಿರಬಹುದು. ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಬಾಗಿಲು ತಳ್ಳಿ ಒಳಗೆ ಓಡಿದೆ. ಆಮೇಲೆ ನಿಂತಿತು, ನಿಂತದ್ದೇ ಹೆದರಿಕೆ. ಅಳಲು ಬಾಯಿ ತೆರೆದಳು, ದನಿ ಇಲ್ಲ. ಮೂಗಿನ ಹೊಳ್ಳೆ ಅರಳಿ ಅರಳಿ... ಗಂಟಲ ಕೆಳಗೆ ಪ್ರತಿ ಉಸಿರಿಗೂ ಒಂದು ಗುಳಿ ಬೀಳುತ್ತಿತ್ತು.

ಯಾವಾಗ ಕರೆ ಮಾಡಿದೆ ನೆನಪಿಲ್ಲ. ಒಂದು ಹೆಣ್ಣುದನಿ. "ನಾನು ನರ್ಸ್ ಪಂಪಾವತಿ. ಕೂಸಿಗೆ ಎಷ್ಟು ತಿಂಗಳು? ಯಾವೂರು?" ಹಚ್ಚೊಳ್ಳಿ, ಕಾಲುವೆ ರಸ್ತೆ ಅಂದೆ. "ಸಿರುಗುಪ್ಪದಿಂದ ಗಾಡಿ ಹೊರಟೈತಿ. ಈಗ ಲಿಂಕ್ ಬಂತಲ್ಲ, ಒತ್ರಿ. ನಾ ನೋಡಬೇಕು."

ಒತ್ತಿದೆ. ಕ್ಯಾಮೆರಾ ತೆರೆಯಿತು.

"ಕಾಣಾಕತ್ತೈತಿ. ಆದ್ರ ಇದು ಕಾಲು. ಮುಖ ತೋರಿಸ್ರಿ, ಕಾಲಲ್ಲ."

ಏಳು ತಿಂಗಳ ರೂಢಿ. ಕೈ ತಾನಾಗಿ ಪಾದಕ್ಕೆ ಹೋಗಿತ್ತು. ಮಗಳಿಗೆ ಉಸಿರಿಲ್ಲ, ನಾನು ಅವಳ ಅಂಗಾಲಿನ ಕಾಡಿಗೆ ಬೊಟ್ಟು ತೋರಿಸುತ್ತ ನಿಂತಿದ್ದೆ. ಫೋನ್ ಮೇಲಕ್ಕೆ ತಂದೆ. ಅಷ್ಟರಲ್ಲಿ ಅತ್ತೆಯ ಅಂಗೈ ಬಂದು ಕ್ಯಾಮೆರಾ ಮುಚ್ಚಿತು.

"ಬ್ಯಾಡ! ಬ್ಯಾಡ ಯವ್ವಾ!"

"ಕತ್ತಲಾತು. ಫೋನ್ ಬಿತ್ತೇನ್ರಿ?"

"ಇಲ್ಲ ಮೇಡಂ, ಅತ್ತಿ ಕೈ ಇಟ್ಟಾರ. ನದರು ಆಗತೈತಂತ..."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ದನಿ ಇನ್ನೂ ನಿಧಾನ ಆಯಿತು. "ಅಮ್ಮಾ, ಕೇಳಸ್ತೈತೇನ್ರಿ? ನಾನೂ ಹಡೆದಾಕಿ. ನನ್ನ ಕಣ್ಣು ಕೆಟ್ಟದ್ದಲ್ಲ. ಆದ್ರೂ ನಿಮಗ ಅನುಮಾನ ಇದ್ರ, ನಾ ನೋಡಿದ ಮ್ಯಾಲ ನನ್ನ ಹೆಸರು ಹಿಡಿದೇ ನದರು ತೆಗೀರಿ. ನನಗೇನು ಬ್ಯಾಸರಿಲ್ಲ. ಈಗ ಕೈ ತೆಗೀರಿ."

ಕೈ ಹೋಯಿತು.

"ಮಬ್ಬು ಕಾಣತೈತಿ. ಕ್ಯಾಮೆರಾ ಗಾಜು ಒರೆಸ್ರಿ." ಸೆರಗಿನಿಂದ ಒರೆಸಿದೆ. "ಇನ್ನೂ ಮಬ್ಬು." ಮತ್ತೆ ಒರೆಸಿದೆ, ತಿಕ್ಕಿ ತಿಕ್ಕಿ. "ರೀ... ಅದು ಗಾಜಲ್ಲ. ಅದು ಹೊಗಿ! ಮನಿ ತುಂಬ ಹೊಗಿ ಐತಲ್ರಿ. ಮೊದ್ಲು ಹೊರಗ ಬರ್ರಿ!"

ಆಗ ತಲೆ ಎತ್ತಿದೆ. ಕೋಣೆ ಬೆಳ್ಳಗಿತ್ತು. ಎದುರಿನ ಗೋಡೆ ಕಾಣುತ್ತಿರಲಿಲ್ಲ. ದಿನಾ ನೋಡಿ ನೋಡಿ ನನ್ನ ಕಣ್ಣಿಗೆ ಅದು ಕಾಣುವುದೇ ನಿಂತುಹೋಗಿತ್ತು. ಎಲ್ಲೋ ಕುಳಿತವಳಿಗೆ ಕಂಡಿತು.

ಮುಂದಿನ ಕಟ್ಟೆಗೆ ಓಡಿದೆವು. ಬಿಸಿಲು. ಗಾಳಿ. "ನಿಮ್ಮ ಕೈ ಭಾಳ ನಡುಗಾಕತ್ತೈತಿ. ಕೂಸನ್ನ ಅಮ್ಮನ ಕೈಯಾಗ ಕೊಡ್ರಿ. ನೆಟ್ಟಗ, ಕುಂದರಿಸಿದಂಗ. ನೀವು ಎರಡೂ ಕೈಲೆ ಫೋನ್ ಹಿಡೀರಿ. ಅಂಗಿ ಬಿಚ್ಚಿ ಎದಿ ತೋರಿಸ್ರಿ. ಯಾರೂ ಮಾತಾಡಬ್ಯಾಡ್ರಿ, ನಾ ಉಸಿರು ಎಣಿಸ್ತೀನಿ."

ಒಂದು ನಿಮಿಷ. ಕಾಲುವೆಯ ನೀರಿನ ಸದ್ದು ಬಿಟ್ಟರೆ ಏನಿಲ್ಲ. ಎಷ್ಟು ಬಂತು ಅಂತ ನನಗೆ ಹೇಳಲಿಲ್ಲ. ಬೇರೆ ಯಾರಿಗೋ ಹೇಳಿದಳು, ಡಾಕ್ಟರ್ ಇರಬೇಕು.

"ತುಟಿ ಕಪ್ಪಾಗೈತೇನು?"

"ಇಲ್ಲರೀ, ಕಾಡಿಗಿ... ಗಲ್ಲದ್ದು ಹರಡೈತಿ."

"ಒರೆಸ್ರಿ. ಬಣ್ಣ ಕಾಣಬೇಕು ನನಗ."

ಅತ್ತೆ ತಮ್ಮ ಹೆಬ್ಬೆರಳಿನಿಂದ ಒರೆಸಿದರು. ನೀರೆರೆದ ಮೇಲೆ ತಾವೇ ಇಟ್ಟ ಬೊಟ್ಟು. ಕೆಳಗೆ ತುಟಿ ಸ್ವಲ್ಪ ನೀಲಿ ಇತ್ತು. ನೋಡನೋಡುತ್ತ ಸ್ವಲ್ಪ ಕಡಿಮೆ ಆಯಿತು, ಅಥವಾ ನನಗೆ ಹಾಗನ್ನಿಸಿತು. "ಹೊರಗಿನ ಗಾಳಿಗೆ ಚೂರು ಸುಧಾರಿಸ್ಯಾಳ" ಅಂದಳು ಪಂಪಾವತಿ. "ಹಾಲು ಕುಡಿಸಬ್ಯಾಡ್ರಿ, ನೀರೂ ಬ್ಯಾಡ. ಹಂಗ ಹಿಡಕೋರಿ. ಹಿಂದ ರಸ್ತಿ ಮ್ಯಾಲ ಹಳದಿ ಹಾಸೈತಲ್ಲ, ಏನದು?"

ತಿರುಗಿ ನೋಡಿದೆ. ಭತ್ತ. ಪಕ್ಕದ ಮನೆ ಗಾದೆಪ್ಪ ಅರ್ಧ ಊರಿನಷ್ಟುದ್ದ ರಸ್ತೆಯ ಮೇಲೆ ಒಣಹಾಕಿದ್ದ. ಎರಡೂ ತುದಿಗೆ ಕಲ್ಲು ಇಟ್ಟಿದ್ದ, ಗಾಡಿ ಹತ್ತದಂತೆ.

"ಆಂಬುಲೆನ್ಸ್ ಹೆಂಗ ಬರತೈತಿ? ತೆಗೀಲಿಕ್ಕೆ ಹೇಳ್ರಿ!"

ನಾನು ಕೂಗಿದೆ. ನನ್ನ ಬಾಯಿಂದ ಅಂಥ ದನಿ ಬಂದದ್ದು ನನಗೇ ಗೊತ್ತಿರಲಿಲ್ಲ. ಗಾದೆಪ್ಪ ಬೀಡಿ ಎಸೆದು ಓಡಿ ಬಂದ. ಕೂಸನ್ನು ನೋಡಿದ.  ಕಲ್ಲು ಕಾಲಿನಿಂದ ಒದ್ದು, ಹಲಗೆ ಹಿಡಿದು ಭತ್ತ ತಳ್ಳತೊಡಗಿದ. ಅವನ ಹೆಂಡತಿ ಕೈಯಿಂದಲೇ ಗೋರಿದಳು. ಎದುರುಮನೆಯವರೂ ಬಂದರು. ಅರ್ಧ ಭತ್ತ ಚರಂಡಿಗೆ ಹೋಯಿತು. ಒಬ್ಬರೂ ಅದರ ಕಡೆ ನೋಡಲಿಲ್ಲ.

ಇಪ್ಪತ್ತೆರಡು ನಿಮಿಷ. ಬ್ಯಾಟರಿ ಹದಿನಾಲ್ಕರಿಂದ ಮೂರಕ್ಕೆ ಇಳಿಯಿತು. ಪಂಪಾವತಿ ಮಾತು ನಿಲ್ಲಿಸಲಿಲ್ಲ. "ಕಾಣಾಕತ್ತೈತಿ, ಇಲ್ಲೇ ಅದೀನಿ. ಎದಿ ಕಾಣಾಕತ್ತೈತಿ. ಹೂಂ, ಇಲ್ಲೇ ಅದೀನಿ."

ಆಂಬುಲೆನ್ಸಿನಿಂದ ಇಳಿದವನ ಹೆಸರು ಹೊನ್ನೂರಸ್ವಾಮಿ, ಎದೆಯ ಮೇಲೆ ಬರೆದಿತ್ತು. ಕೈಯಲ್ಲಿ ಆಗಲೇ ಚಿಕ್ಕ ಮಾಸ್ಕ್. ನಾನು ಹೇಳಲು ಬಾಯಿ ತೆರೆದೆ. "ಗೊತ್ತೈತ್ರಿ, ಎಲ್ಲಾ ಹೇಳ್ಯಾರ. ಕೊಡ್ರಿ ಕೂಸು." ಬಾಗಿಲು ಹಾಕಿದಾಗ ಫೋನ್ ಸತ್ತಿತ್ತು. ಪಂಪಾವತಿಗೆ ಒಂದು ಮಾತೂ ಹೇಳಲಾಗಲಿಲ್ಲ.

ಸಿರುಗುಪ್ಪದಲ್ಲಿ ಹಬೆಯ ಔಷಧಿ ಕೊಟ್ಟು ಇಲ್ಲಿಗೆ ಕಳಿಸಿದರು. ಗಾದೆಪ್ಪ ಫೋನ್ ಮಾಡಿ ತಿಳಿಸಿದ್ದನಂತೆ, ಗೇಟಿನಲ್ಲಿ ಇನಾಯತ್ ನಿಂತಿದ್ದರು, ತಲೆ ತುಂಬ ಹತ್ತಿ, ಕೈಯಲ್ಲಿ ಗಾದಿ ಸೂಜಿ. ಹಿಡಿದಿದ್ದೇ ಮರೆತಿದ್ದರು. ವಾಚ್‌ಮನ್ ಇಸಿದುಕೊಂಡ.


26 ನವೆಂಬರ್, ಆಸ್ಪತ್ರೆ

ದಾಖಲಾದ ಮರುದಿನವೇ ಡಾಕ್ಟರ್ ವಿವರವಾಗಿ ಹೇಳಿದ್ದರು. ನೆಗಡಿಯ ವೈರಸ್ ಎದೆಯ ಸಣ್ಣ ಸಣ್ಣ ನಾಳಗಳಿಗೆ ಇಳಿದಿತ್ತು. ಮೊದಲೇ ಇಕ್ಕಟ್ಟಾಗಿದ್ದ ಕಡೆ ಹೊಗೆಯೂ ಹೋಯಿತು. "ಹೊಗೆಯಿಂದಲೇ ಬಂದದ್ದಲ್ಲ. ಆದರೆ ಹೊಗೆ ಹೆಚ್ಚು ಮಾಡಿದೆ. ಇನ್ನು ಮುಂದೆ ಬೇಡವೇ ಬೇಡ."

ಅತ್ತೆ ಬಾಗಿಲ ಬಳಿ ನಿಂತು ಕೇಳಿದರು. ಕೇಳಿ ಹೊರಗೆ ಹೋದರು. ಅಂದಿನಿಂದ ವಾರ್ಡಿನ ಹೊರಗೆ ಚಾಪೆ. ಒಳಗೆ ಬರುವುದಿಲ್ಲ. ಕಿಟಕಿಯ ಹತ್ತಿರ ಬಂದು ನೋಡಿ ಹೋಗುತ್ತಾರೆ, ನೆಂಟರ ಮಗುವನ್ನು ನೋಡುವ ಹಾಗೆ.

ಅಮ್ಮಿ ಕುರುಗೋಡಿನಿಂದ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. "ನಿಮ್ಮತ್ತಿ ಉಣವಲ್ಲರಲ್ಲ, ನೀ ಏನರ ಅಂದೇನು?" ಅಂದಳು. ನಾನೇನೂ ಅಂದಿಲ್ಲ ಅಮ್ಮಿ. ನಾನು ಯಾವಾಗಲೂ ಏನೂ ಅನ್ನುವುದಿಲ್ಲ. ಅದೇ ಅಲ್ಲವಾ ಆಗಿದ್ದು.


28 ನವೆಂಬರ್, ಹಚ್ಚೊಳ್ಳಿ

ಮನೆ. 1.40 — ಎಡ, ಹತ್ತು. 4.05 — ಬಲ, ಒಂಬತ್ತು.

ಹಿಂದಿನ ಕೋಣೆಯಲ್ಲಿ ಬುಟ್ಟಿ ಇಲ್ಲ, ಕೆಂಡದ ಮಡಿಕೆ ಇಲ್ಲ. ಅತ್ತೆ ನಮಗಿಂತ ಒಂದು ದಿನ ಮುಂಚೆ ಬಂದಿದ್ದರು. ಗೋಡೆಗೆ ಸುಣ್ಣವನ್ನೂ ಹಚ್ಚಿದ್ದಾರೆ.

ಗಾದೆಪ್ಪ ಬಂದು ಕೂಸಿನ ಕಾಲು ಮುಟ್ಟಿ ಹೋದ. "ಈಕಿ ದೊಡ್ಡಾಕಿ ಆಗಲಿ, ನನ್ನ ಭತ್ತಕ್ಕ ಕಾವಲು ಕುಂದರಸ್ತೀನಿ."


29 ನವೆಂಬರ್

ನೀರೆರೆಯಲು ಅತ್ತೆಯನ್ನು ಕರೆದೆ. "ನೀನೇ ಎರಿ. ತಾಯಿ ಅದಿ. ಕಲಿ."

ಎರೆದೆ. ಕಣ್ಣಿಗೆ ಸೋಪು ಹೋಯಿತು. ಕಿವಿಗೆ ನೀರು ಹೋಯಿತು. ಅವಳು ಚೀರುತ್ತ ಕುತ್ತಿಗೆ ಹೊರಳಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಯಾರನ್ನು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅಲ್ಲೇ ಗೋಡೆಯ ಆಚೆ ಕುಳಿತವರಿಗೂ ಗೊತ್ತಿತ್ತು.

ಎಂಟು ದಿನವಾಯಿತು ಅತ್ತೆ ಅವಳನ್ನು ಎತ್ತಿಕೊಂಡು. ಕರ್ರವ್ವ ಅಂದಿಲ್ಲ.


30 ನವೆಂಬರ್, ಮಧ್ಯಾಹ್ನ 3

ಅತ್ತೆ ಟ್ರಂಕ್ ತೆಗೆದು ನನ್ನನ್ನು ಕರೆದರು. ಬಟ್ಟೆಗಳ ಕೆಳಗೆ, ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಕಪ್ಪುಬಿಳುಪು ಫೋಟೋ. ಕುರ್ಚಿಯ ಮೇಲೆ ಕೂತ ಮಗು. ಹಿಂದೆ ಬರೆದ ಪರದೆ, ಹೂಕುಂಡ. ಕಣ್ಣು, ಮೂಗು ಎಲ್ಲ ಆಯೇಶಾ.

"ಮಾಬುನ್ನಿ. ಇನಾಯತ್‌ಗಿಂತ ಮುಂಚಿನಾಕಿ. ಎಂಟು ತಿಂಗಳು. ನಿಮ್ಮ ಮಾವಗ ಹುಚ್ಚು, ಸಿರುಗುಪ್ಪಕ್ಕ ಹೊತ್ತುಕೊಂಡು ಹೋಗಿ ಫೋಟೋ ತೆಗೆಸಿದ. ಬಂದ ಮರುದಿನ ನೆಗಡಿ. ಹತ್ತು ದಿನಕ್ಕ ಹೋಗಿಬಿಟ್ಲು."

ಮದುವೆಯಾಗಿ ನಾಲ್ಕು ವರ್ಷ. ಈ ಹೆಸರು ಒಂದು ಸಲವೂ ಕೇಳಿಲ್ಲ.

"ಫೋಟೋದವನಿಗೆ ನಲವತ್ತು ವರ್ಷ ಬೈದೀನಿ. ಅವನ ಕಣ್ಣೇ ತಾಕಿತು ಅಂತ. ಅವನ ಅಂಗಡಿ ಮುಂದ ಹಾದು ಹೋದ್ರ ಮುಖ ತಿರುವತಿದ್ದೆ. ಪಾಪ, ಅವನೇನು ಮಾಡಿದ್ದ? ಆ ಹತ್ತು ದಿನಾನೂ ಬಾಗಿಲ ಹಾಕಿ ಹೊಗಿ ಹಾಕಿದಾಕಿ ನಾನು. ದಿನಕ್ಕ ಎರಡು ಸಲ."

ಆಮೇಲೆ ಕೇಳಿದರು. "ನೀ ಓದಿದಾಕಿ. ಹೇಳು. ಆಕಿನ್ನ ನಾನೇ..."

ಬಿ.ಎಸ್ಸಿ. ಫಸ್ಟ್ ಕ್ಲಾಸ್.  ಇಲ್ಲ ಅಂದರೆ ಸುಳ್ಳಾಗಬಹುದು. ಹೌದು ಅನ್ನಲು ನಾನ್ಯಾರು? ಅವರ ಕೈ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಕೈ ಬಿಡಿಸಿಕೊಂಡು ಫೋಟೋ ಸುತ್ತಿಟ್ಟರು.

"ಈ ಕೈಲೆ ಇನ್ನ ಕೂಸು ಮುಟ್ಟಂಗಿಲ್ಲ ಬಿಡು."


2 ಡಿಸೆಂಬರ್

ಮಗು ಕುಡಿಯುತ್ತಿದೆ, ನಗುತ್ತಿದೆ. ಎಲ್ಲ ಸರಿ ಇದೆ. ಏನೂ ಸರಿ ಇಲ್ಲ.

ಇನಾಯತ್ ಫೋನಿನಲ್ಲಿ— "ಅಮ್ಮ ಹೆಂಗದಾಳ?"

"ಕೂಸು ಮುಟ್ಟವಲ್ಲರು."

"ನಾ ಬಂದು ಮಾತಾಡ್ಲಾ?"

"ನೀವು ಏನಂತ ಮಾತಾಡ್ತೀರಿ?"

ಅದಕ್ಕೆ, "ಕಾಲು ತೋರಿಸು" ಅಂದರು. ತೋರಿಸಿದೆ. ಕಾನೂನು ಇನ್ನೂ ಇದೆ. ಹಿಂತೆಗೆದುಕೊಳ್ಳಬೇಕಾದವರು ಮೂಲೆಯಲ್ಲಿ ಕುಳಿತು ಹಳೇ ಹತ್ತಿ ಬಿಡಿಸುತ್ತಿದ್ದಾರೆ.


4 ಡಿಸೆಂಬರ್, ಸಂಜೆ 5.30



ಗೊತ್ತಿಲ್ಲದ ನಂಬರಿನಿಂದ ಫೋನ್. ದನಿ ಕೇಳಿದ ಕೂಡಲೇ ಗೊತ್ತಾಯಿತು. "ಆಯೇಶಾ ಹೆಂಗದಾಳ್ರಿ? ನಾನು ಪಂಪಾವತಿ." ಪ್ರಯೋಗದ ಭಾಗವಾಗಿ ಎರಡು ವಾರಕ್ಕೆ ಒಮ್ಮೆ ವಿಚಾರಿಸಬೇಕಂತೆ. ನನಗೆ ಅಳು ಬಂದುಬಿಟ್ಟಿತು. "ಅಳ್ರಿ, ಅಳ್ರಿ. ಅವತ್ತು ಅಳಲಿಲ್ಲಲ್ಲ, ಬಾಕಿ ಐತಿ" ಅಂದಳು. ರೂಪನಗುಡಿಯವಳಂತೆ. ಎರಡು ಮಕ್ಕಳು.

ಅತ್ತೆ ಮೂಲೆಯಿಂದ ಎದ್ದು ಬಂದರು. ಫೋನ್ ಸ್ಪೀಕರಿಗೆ ಹಾಕು ಅಂತ ಸನ್ನೆ ಮಾಡಿದರು. ಪೀಠಿಕೆ ಇಲ್ಲ, ಏನಿಲ್ಲ.

"ಯವ್ವಾ, ನಲವತ್ತು ವರ್ಷದ ಹಿಂದ ನನ್ನ ಕೂಸು ಹೋತು. ಹಿಂಗ ನೆಗಡಿ, ಹಿಂಗ ಹೊಗಿ. ನಾನೇ ಕೊಂದೆನಾ?"

ಆ ಕಡೆ ಬೇರೆ ಯಾರ‍್ಯಾರೋ ಕರೆ ತೆಗೆದುಕೊಳ್ಳುತ್ತಿದ್ದ ಸದ್ದು ಮಾತ್ರ.

"ಅಮ್ಮಾ, ಆ ಕೂಸನ್ನ ನಾ ನೋಡಿಲ್ಲ. ನೋಡದ್ದನ್ನ ನಾ ಹೇಳಂಗಿಲ್ಲ. ಯಾರೂ ಹೇಳಾಕ ಬರಂಗಿಲ್ಲ. ನಾ ನೋಡಿದ್ದು ಹೇಳ್ಲಾ?"

ಅತ್ತೆ ತಲೆ ಆಡಿಸಿದರು, ಅವಳಿಗೆ ಕಾಣುತ್ತದೆ ಅನ್ನುವ ಹಾಗೆ.

"ಅವತ್ತು ನನಗ ಕಂಡಿದ್ದು ಮೊದ್ಲು ಒಂದು ಪಾದ. ಆಮ್ಯಾಲ ಒಂದು ಕೈ. ನಿಮ್ಮದು. ಆ ಕೈ ನನ್ನ ಮಾತು ಕೇಳಿ ಸರೀತಲ್ಲ, ಅದನ್ನ ನೋಡೀನಿ. ಎಷ್ಟೋ ಮನ್ಯಾಗ ಸರಿಯಂಗಿಲ್ಲ ಅಮ್ಮಾ. ಆಮ್ಯಾಲ ಇಪ್ಪತ್ತೆರಡು ನಿಮಿಷ ನಾ ನೋಡಿದ್ದು ಬರೇ ಆ ಕೈನ. ಕೂಸಿನ ಬೆನ್ನಿಗಿ ಒಂದು, ಗದ್ದಕ್ಕ ಒಂದು. ಒಂದು ಎಳಿಯಷ್ಟು ಅಲುಗಲಿಲ್ಲ. ಕೂಸಿನ ಎದಿ ನನಗ ಎಣಿಸಾಕ ಬಂದಿದ್ದು ಆ ಕೈ ಗಟ್ಟಿ ಇತ್ತಂತ. ಫೋನ್ ಹಿಡಿದಾಕೀದು ನಡುಗತಿತ್ತು, ಸಿಟ್ಟು ಮಾಡಬ್ಯಾಡ್ರಿ ಮೇಡಂ. ನಮ್ಮ ಡಾಕ್ಟರ್ ಸ್ಕ್ರೀನ್ ನೋಡಿ ಏನಂದ್ರು ಗೊತ್ತೇನು? ಆ ಅಜ್ಜಿ ಕೈಯಾಗಿಂದ ಕೂಸು ಬಿಡಿಸಬ್ಯಾಡ್ರಿ, ಗಾಡಿ ಬರೋತನ ಅಲ್ಲೇ ಇರಲಿ ಅಂದ್ರು."

ಅತ್ತೆ ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು. ಬೇರೆ ಯಾರದೋ ವಸ್ತು ನೋಡುವ ಹಾಗೆ.

ಆ ಇಪ್ಪತ್ತೆರಡು ನಿಮಿಷ ನಾನೂ ಅದನ್ನೇ ನೋಡುತ್ತಿದ್ದೆ. ನನಗೆ ಕಂಡಿರಲಿಲ್ಲ. ಹೊಗೆಯೂ ಕಂಡಿರಲಿಲ್ಲ, ಕೈಯೂ ಕಂಡಿರಲಿಲ್ಲ.

ನಾನು ಬಾಯಿ ಬಿಟ್ಟೆ. "ಅತ್ತಿ, ಹೊಗಿ ಬ್ಯಾಡಂತ ನನಗ ಗೊತ್ತಿತ್ತು. ಓದಿದ್ದೆ. ನಿಮಗ ಹೇಳಲಿಲ್ಲ. ಹೆದರಿದೆ."

ಅತ್ತೆ ನನ್ನನ್ನೇ ನೋಡಿದರು. ಈಗ ಬೈಗುಳ ಬಂತು ಅಂದುಕೊಂಡೆ. ಬಂತು. "ನನ್ನ ಕಂಡ್ರ ಹೆದರಿಕಿ? ಲೇ ಹುಚ್ಚಿ, ಮುಂದ ನನ್ನ ಮ್ಯಾಲ ಒದರು. ಆ ಗಾದೆಪ್ಪನ ಮ್ಯಾಲ ಒದರಿದೆಲ್ಲ, ಹಂಗ."

ಪಂಪಾವತಿ ಆ ಕಡೆ ನಗುತ್ತಿದ್ದಳು. ಫೋನ್ ಇಡುವೆ ಅಂದಳು. ಅತ್ತೆ "ತಡಿ ತಡಿ" ಅಂತ ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ನನ್ನ ಕೈಯಲ್ಲಿದ್ದ ಫೋನಿಗೆ ಮೂರು ಸುತ್ತು ನಿವಾಳಿಸಿದರು.

"ಏನ್ ಮಾಡಾಕತ್ತೀರಿ ಅಮ್ಮಾ? ನನ್ನ ನದರು ತೆಗಿಯಾಕತ್ತೀರೇನು?"

"ನಿನ್ನದಲ್ಲ, ನಿನಗ ಆಗಿದ್ದು ತೆಗಿಯಾಕತ್ತೀನಿ. ದಿನಾ ಎಷ್ಟು ಮನಿ ಕಣ್ಣೀರು ನೋಡತಿ. ನಿನಗೇ ತಾಕಿರತೈತಿ."

 "ನಮ್ಮವ್ವ ಹೋದ ಮ್ಯಾಲ ಯಾರೂ ನನಗ ನದರು ತೆಗೆದಿದ್ದಿಲ್ಲರೀ" ಅಂದಳು.

ಮೆಣಸಿನಕಾಯಿ ಒಲೆಗೆ ಹಾಕಬೇಕು, ಪದ್ಧತಿ. ಅತ್ತೆ ಒಲೆಯ ತನಕ ಹೋದರು. ನಿಂತರು. ತಿರುಗಿ ಬಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಕಾಲುವೆಗೆ ಹಾಕಿ ಬಂದರು. ಹೊಗೆ ಇಲ್ಲ.


5 ಡಿಸೆಂಬರ್

ಅತ್ತೆ ಮಗುವಿನ ಹತ್ತಿರ ಕುಳಿತರು. ಎತ್ತಿಕೊಳ್ಳಲಿಲ್ಲ. ಆದರೆ ಹತ್ತಿರ.

ನನಗೆ ಮಧ್ಯಾಹ್ನ ನಾಲ್ಕು ಗಂಟೆ ನಿದ್ದೆ ಬಂತು. ಒಂದೇ ಸಮ. ಎದ್ದಾಗ ಹೆದರಿದೆ, ಇದೇನು ಕಾಯಿಲೆ ಅಂತ.


7 ಡಿಸೆಂಬರ್, ಭಾನುವಾರ, ಬೆಳಿಗ್ಗೆ 11

ಇವತ್ತು ನಾನು ಮಣೆ ಹಾಕಿ ಕುಳಿತು ನೀರು ತೋಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನೆರಳು. "ಏಳು. ನಿನ್ನ ಕೈಯಾಗ ಕೂಸು ಸೋಪಿನಂಗ ಜಾರಾಕತ್ತೈತಿ." ಎದ್ದೆ. ಅತ್ತೆ ಕಾಲು ಚಾಚಿದರು. ಮೊಣಕಾಲ ಮೇಲೆ ಬೋರಲು ಹಾಕಿಕೊಂಡ ಕೂಡಲೇ ಅವಳು ಗಪ್ಪು. ಎರಡು ವಾರದ ಕೊಳೆ, ಎರಡು ವಾರದ ಸಿಟ್ಟು, ಎಲ್ಲ ತಿಕ್ಕಿಸಿಕೊಂಡಳು. ಅತ್ತೆ ನೀರು ಹುಯ್ಯುತ್ತ ಏನೋ ಗೊಣಗುತ್ತಿದ್ದರು. ಕಿವಿಗೊಟ್ಟೆ. "ಕರ್ರವ್ವಾ, ನನ್ನ ಕರ್ರವ್ವಾ..."

ಬಿಸಿಲಿನಲ್ಲಿ ಕೂದಲು ಒಣಗಿಸಿದರು, ಕಟ್ಟೆಯ ಮೇಲೆ, ಹತ್ತಿಯ ಬಟ್ಟೆಯಿಂದ. ಅಷ್ಟೆ, ಒಣಗಿತು.

10.30 — ಬಲ, ಹದಿನೆಂಟು ನಿಮಿಷ. ದಾಖಲೆ.

ಈಗ ಇನಾಯತ್ ಫೋನ್. ಎಂದಿನಂತೆ ಪಾದಕ್ಕೆ ಹಿಡಿದೆ. ಅತ್ತೆ "ಇತ್ತ ತಾ" ಅಂತ ಕಸಿದುಕೊಂಡರು. ಹಿಡಿಯಲು ಬರುವುದಿಲ್ಲ. ಮೊದಲು ಸೂರು ತೋರಿಸಿದರು, ಆಮೇಲೆ ತಮ್ಮ ಕಿವಿ. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನನ್ನು ಅವಳ ಮುಖದ ಎದುರಿಗೆ ನೆಟ್ಟಗೆ ಹಿಡಿದರು.

"ಕಾಣತೈತೇನಲೇ?"

 ಲೈನ್ ಹೋಯಿತು ಅಂದುಕೊಂಡೆ. ಹೋಗಿಲ್ಲ. ಮೂಗು ಎಳೆದುಕೊಂಡದ್ದು ಕೇಳಿಸಿತು.

"ಮಾತಾಡಲೇ. ಮೊನ್ನೆ ಆಸ್ಪತ್ರ್ಯಾಗ ನೋಡಿದ ಮುಖನ ಅಲ್ಲೇನು?"

"ಇದು ಬ್ಯಾರೆ, ಅಮ್ಮ. ಇದು ನಗಾಕತ್ತೈತಿ."

ಇದನ್ನೆಲ್ಲ ಈ ಕಡೆ ಬಾಗಿಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೊಟ್ಟೆ ಏಳುತ್ತಿದೆಯಾ ನೋಡಲಿಲ್ಲ. ಈಗ ನೆನಪಾಯಿತು. ಪರವಾಗಿಲ್ಲ.

ಅತ್ತೆ ಕೂಗುತ್ತಿದ್ದಾರೆ. "ಶಬನಂ, ಬಾಯಿಲ್ಲೆ! ಕತ್ತಲಾತು ಅಂತಾನ. ಫೋನ್ ಕೆಟ್ಟಿತೇನು ನೋಡು."

ಕೆಟ್ಟಿಲ್ಲ. ಇಲ್ಲಿಂದಲೇ ಕಾಣುತ್ತಿದೆ. ಐದೂ ಬೆರಳು ಅಗಲಿಸಿ ಕ್ಯಾಮೆರಾದ ಮೇಲೆ ಇಟ್ಟುಬಿಟ್ಟಿದ್ದಾಳೆ, ಪೂರ್ತಿ ಅಂಗೈ, ಥೇಟ್ ಅವಳ ಅಜ್ಜಿ ಅವತ್ತು ಇಟ್ಟ ಹಾಗೇ. ತೆಗೆಯಲು ಹೋದೆ, ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು.